ಅವರ ಬೀಟು

ಸೋಮವಾರ, 1 ಸೆಪ್ಟೆಂಬರ್ 2025, ಧಾರವಾಡ

ರಿಜಿಸ್ಟರ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸುವ ಸುದ್ದಿ ಎಲ್ಲರಿಗೂ ಮುಟ್ಟಿದೆ. ಕೌಂಟರಿಗೆ ಬಂದ ಹಿರಿಯರೊಬ್ಬರು, "ಹಂಗಾದ್ರ ರಿಜಿಸ್ಟರ್ ಮಾಡೂದು ಮುಗೀತೇನ್ರಿ ಬಾಯಾರ?" ಎಂದು ಕೇಳಿದರು. ಬಿಡಿಸಿ ಹೇಳಿ ಕಳಿಸಿದೆ. ಆದರೆ ದಿನವಿಡೀ ಪೋಸ್ಟ್‌ಮನ್ ಆಗಿದ್ದ, ಈಗಿಲ್ಲದ ನನ್ನ ಗಂಡನದೇ ನೆನಪು.

ರಿಜಿಸ್ಟರ್ ಬಂದರೆ ಹೆಸರಿದ್ದವರ ಕೈಗೇ ಕೊಟ್ಟು ಸಹಿ ಪಡೆಯಬೇಕಿತ್ತು. ಅವಸರದ ದಿನಗಳಲ್ಲೂ ಇವರು 'ಬಾಗಿಲು ಹಾಕಿದೆ' ಎಂದು ಷರಾ ಬರೆದು ವಾಪಸು ತಂದವರಲ್ಲ. ಒಳಗಿನಿಂದ ಅಜ್ಜಿ ಕೋಲೂರಿಕೊಂಡು ಬರುವತನಕ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಅಷ್ಟರಲ್ಲಿ ಆ ಮನೆಯ ನಾಯಿಯ ಗುರುತೂ ಆಗಿರುತ್ತಿತ್ತು. ಮದುವೆಯಾದ ಮೇಲೆ ಪರೀಕ್ಷೆ ಬರೆದು ನಾನೂ ಇದೇ ಇಲಾಖೆಗೆ ಬಂದೆ. ಅವರು ಅಂಚೆ ಹಂಚುವ ಬೀಟಿಗೆ, ನಾನು ಕೌಂಟರಿಗೆ. ಗಂಡನನ್ನು ಮನೆಯಲ್ಲಿ ನೋಡುವುದು ಬೇರೆ, ಕೆಲಸದಲ್ಲಿ ನೋಡುವುದು ಬೇರೆ. ಎರಡೂ ಕಡೆ ಅವರು ಒಬ್ಬರೇ ಆಗಿದ್ದರು.

ಭಾನುವಾರ, 14 ಸೆಪ್ಟೆಂಬರ್

ಮಳೆ ಹಿಡಿದಿದೆ. ಇವರ ಹಳೆಯ ಟ್ರಂಕು ತೆಗೆದು ನೋಡುತ್ತ ಕೂತೆ. 2005ರಲ್ಲಿ ಇಲಾಖೆ ನಮ್ಮ ದೇಶದ ನಾಲ್ಕು ನಾಯಿತಳಿಗಳ ಅಂಚೆಚೀಟಿ ತಂದಿತ್ತು. ಅದರಲ್ಲಿ ಮುಧೋಳ ನಾಯಿಯ ಚೀಟಿ ಸಿಕ್ಕಿತು. ಇವರು ಮುಧೋಳದ ಕಡೆಯವರು. ಆ ಉದ್ದ ಕಾಲಿನ, ಸಣ್ಣ ನಡುವಿನ ಬೇಟೆನಾಯಿಗಳ ನಡುವೆಯೇ ಬೆಳೆದವರು. ಚೀಟಿ ಬಂದಾಗ ಹಾಳೆಗಟ್ಟಲೆ ಕೊಂಡು, ಊರಿನವರಿಗೆಲ್ಲ ಪತ್ರ ಬರೆದು ಅದನ್ನೇ ಅಂಟಿಸಿ ಕಳಿಸಿದ್ದರು.

ಮುಧೋಳ ನಾಯಿ ಅಪರಿಚಿತರು ಮುಟ್ಟಿದರೆ ಸಹಿಸುವುದಿಲ್ಲ. "ಅದು ತಾನಾಗೇ ಬರೂತನಕ ನಾವು ಕಾಯಬೇಕು" ಎನ್ನುತ್ತಿದ್ದರು. ಬೀಟಿನಲ್ಲೂ ಅದೇ ಪಾಠ. ನಾಯಿ ಬೆನ್ನಟ್ಟಿದರೆ ಸೈಕಲ್ ಜೋರು ತುಳಿಯುತ್ತಿರಲಿಲ್ಲ, ಇಳಿದು ನಿಲ್ಲುತ್ತಿದ್ದರು. ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಎದುರಿಗೆ ನಿಲ್ಲದೆ, ಮಗ್ಗುಲಾಗಿ ನಿಂತು ಅಂಚೆಚೀಲ ಮೂಸಲು ಬಿಡುತ್ತಿದ್ದರು. ತಲೆ ಮೇಲೆ ಕೈ ತರುತ್ತಿರಲಿಲ್ಲ. ಮುಷ್ಟಿ ಮಡಚಿ ಕೆಳಗೆ ಇಳಿಬಿಡುತ್ತಿದ್ದರು. ಅದು ಮೂಸಿ ಒಪ್ಪಿದ ಮೇಲೆ ಗದ್ದದ ಕೆಳಗೆ ಕೆರೆಯುವುದು. ರೊಟ್ಟಿಯ ತುಂಡು ಕೊನೆಗೆ.

ಕಚೇರಿಗೆ ಹೊಸದಾಗಿ ಬಂದವರ ಜೊತೆಗೂ ಇವರು ಹೀಗೆಯೇ ಇದ್ದರು. ಕೇಳುವತನಕ ಬುದ್ಧಿ ಹೇಳುತ್ತಿರಲಿಲ್ಲ. ಕೇಳಿದರೆ ಊಟದ ಹೊತ್ತೂ ಬಿಟ್ಟು ಕಲಿಸುತ್ತಿದ್ದರು.

ಭಾನುವಾರ, 28 ಸೆಪ್ಟೆಂಬರ್

ವಿಶ್ವ ರೇಬೀಸ್ ದಿನ. ಓಣಿಯ ನಾಯಿಗಳಿಗೆ ಲಸಿಕೆ ಹಾಕುವವರು ಬಂದಿದ್ದರು. ಪ್ರತಿವರ್ಷ ಅವರ ಮುಂದೆ ನಾಯಿ ಹಿಡಿದು ಕೂಡುತ್ತಿದ್ದವರು ಇವರು. ಈ ಸಲ ಹಿಡಿದವಳು ನಾನು. ನಮ್ಮ ಓಣಿಯ ನಾಯಿ ಕರಿಯ ಮೊದಲು ಗುರುಗುಟ್ಟಿದ. ಮಗ್ಗುಲಾಗಿ ಕೂತು ಸುಮ್ಮನಿದ್ದೆ. ಆಮೇಲೆ ತಾನಾಗಿ ಬಂದು ಮೊಣಕಾಲಿಗೆ ಮೈಯಾನಿಸಿದ.

ನಮ್ಮ ಕಚೇರಿಯ ಹುಡುಗನೊಬ್ಬನನ್ನು ನಾಯಿ ಕಚ್ಚಿದ ದಿನ ನೆನಪಾಯಿತು. ಬದಲಿಯಾಗಿ ಬೀಟಿಗೆ ಹೋಗಿದ್ದ. ಕಚೇರಿಯಲ್ಲಿ ಒಬ್ಬರು ಅರಿಶಿನ ಎಂದರು, ಒಬ್ಬರು ಸುಣ್ಣ ಎಂದರು. ಇವರು ಏನನ್ನೂ ಹಚ್ಚಗೊಡಲಿಲ್ಲ. ಹುಡುಗನನ್ನು ನಳದ ಹತ್ತಿರ ಕೂರಿಸಿ, ಪ್ಯಾಂಟು ಮೇಲಕ್ಕೆ ಮಡಚಿ, ಅವನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಸೋಪು ಹಚ್ಚಿ ತೊಳೆದರು, ಪೂರಾ 15 ನಿಮಿಷ. ನನ್ನ ಕೈಗೆ ಗಡಿಯಾರ ಕೊಟ್ಟಿದ್ದರು. ಹುಡುಗ ಸಾಕು ಎಂದರೂ ಬಿಡಲಿಲ್ಲ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ತಾವೇ ಕರೆದೊಯ್ದರು. ಮೊದಲ ದಿನ, ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನದ ಸೂಜಿಗಳನ್ನು ಕಚೇರಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಂದೂ ತಪ್ಪಿಸಗೊಡಲಿಲ್ಲ. ರೇಬೀಸ್ ಲಕ್ಷಣ ಕಂಡ ಮೇಲೆ ಔಷಧವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಾಯಿಯನ್ನು ಪ್ರೀತಿಸುವವರು ಅದರ ಹಲ್ಲನ್ನೂ ಮರೆಯಬಾರದು ಎನ್ನುತ್ತಿದ್ದರು.

ಗುರುವಾರ, 2 ಅಕ್ಟೋಬರ್, ವಿಜಯದಶಮಿ

ಇವರು ಹೋಗಿ ವರ್ಷ ತುಂಬದ ಮನೆ; ನಾನು ಹಬ್ಬ ಮಾಡಲಿಲ್ಲ. ಸಂಜೆ ಕಚೇರಿಯವರೆಲ್ಲ ಬನ್ನಿ ಹಿಡಿದು ಬಂದರು. ಹಿರಿಯರ ಕಾಲು ಮುಟ್ಟಿದೆ, ಕಿರಿಯರು ನನ್ನ ಕಾಲು ಮುಟ್ಟಿದರು. ಬಂಗಾರದಂಗಿರೋಣ ಎನ್ನುವಾಗ ದನಿ ಕಟ್ಟಿತು.

ಅಂದು ನಾಯಿ ಕಚ್ಚಿದ್ದ ಹುಡುಗನೇ ಈಗ ಇವರ ಬೀಟಿನಲ್ಲಿದ್ದಾನೆ. ಕಚೇರಿಯಲ್ಲಿ ಮೇಡಂ ಎನ್ನುತ್ತಾನೆ, ಮನೆಗೆ ಬಂದರೆ ವೈನಿ. "ವೈನಿ, ಸಾಧನಕೇರಿ ಕಡೆ ನಾಯಿಗೋಳು ಚೀಲ ಮೂಸಿ ನೋಡಿ ದಾರಿ ಬಿಡ್ತಾವ್ರಿ. ನಾನೂ ಅಣ್ಣಾವ್ರಂಗ ಇಳದ ನಿಲ್ತೀನಿ" ಎಂದ. ಅವನ ಕಿಸೆಯಲ್ಲೂ ರೊಟ್ಟಿಯಿತ್ತು.

ಇವರು ತೀರಿಕೊಂಡಾಗ ಸಮಾಧಾನ ಹೇಳಲು ಬಂದವರು, ಅಂಥ ಸ್ವಭಾವ ಹುಟ್ಟಿನಿಂದ ಬರಬೇಕು, ಅವರ ಜೊತೆಗೇ ಹೋಯಿತು ಎಂದಿದ್ದರು. ನನಗೆ ಹಾಗನ್ನಿಸುವುದಿಲ್ಲ. ಇವರ ಒಳ್ಳೆಯತನ ದಿನಾ ಮಾಡಿ ಮಾಡಿ ಕೈಗೆ ಹತ್ತಿಸಿಕೊಂಡ ಕೆಲಸವಾಗಿತ್ತು: ನಿಲ್ಲುವುದು, ಕಾಯುವುದು, ತೊಳೆಯುವುದು, ತಾರೀಖು ಮರೆಯದಿರುವುದು. ಮಾಡುತ್ತಲೇ ಅದನ್ನು ಕಲಿಸಿಯೂ ಹೋದರು. ಹುಡುಗ ಕಲಿತಿದ್ದಾನೆ, ನಾನು ಕಲಿಯುತ್ತಿದ್ದೇನೆ.