ವಿಚಾರ ಸಂಕಿರಣದ ಊಟ

ಕನ್ನಡ ವಿಭಾಗಗಳು ನಡೆಸುವ ವಿಚಾರ ಸಂಕಿರಣಗಳ ಬಗೆಗೆ ವರದಿಗಳಿವೆ, ಸಂಪಾದಿತ ಕೃತಿಗಳಿವೆ. ಅಲ್ಲಿ ಮಂಡಿತವಾದ ಪ್ರಬಂಧಗಳನ್ನು ಕುರಿತ ಪ್ರಬಂಧಗಳೂ ಇವೆ. ಆದರೆ ಆ ಸಂಕಿರಣಗಳ ಮಧ್ಯಾಹ್ನದ ಊಟವನ್ನು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ಆಹ್ವಾನ ಪತ್ರಿಕೆಯಲ್ಲಿ ಅದು ಎರಡು ಗೋಷ್ಠಿಗಳ ನಡುವಿನ ಒಂದು ಸಾಲು ಮಾತ್ರ. ಆ ಸಾಲನ್ನೇ ಮೊದಲು ಓದುವ ಒಂದು ವರ್ಗ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಅದು ಸಂಶೋಧನಾ ವಿದ್ಯಾರ್ಥಿಗಳ ವರ್ಗ.

ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿದ್ದ ಸಂಶೋಧಕನೊಬ್ಬ ಈ ಓದನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿಕೊಂಡಿದ್ದ. ಆತನ ಅಧ್ಯಯನದ ವಿಷಯ ಶಾಸನಗಳಲ್ಲಿ ಅನ್ನದಾನ. ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲಿ ಕನ್ನಡ ವಿಭಾಗದ ಸೂಚನಾ ಫಲಕವನ್ನಷ್ಟೇ ಅಲ್ಲ, ವಾಣಿಜ್ಯಶಾಸ್ತ್ರ, ಸಮಾಜಕಾರ್ಯ, ಸಸ್ಯಶಾಸ್ತ್ರ ವಿಭಾಗಗಳ ಫಲಕಗಳನ್ನೂ ಆತ ನೋಡುತ್ತಿದ್ದ. ಉದ್ಘಾಟನೆ ಮಾತ್ರ ಇದ್ದರೆ ಚಹಾ ಮತ್ತು ಬಿಸ್ಕತ್ತು. ದತ್ತಿ ಉಪನ್ಯಾಸವಾದರೆ ಅದೂ ಸಂಶಯ; ದತ್ತಿನಿಧಿಯ ಬಡ್ಡಿ ಉಪನ್ಯಾಸಕರ ಸಂಭಾವನೆಗೇ ಸಾಲದು. ಪ್ರಾಧ್ಯಾಪಕರ ಬೀಳ್ಕೊಡುಗೆಯಲ್ಲಿ ಸಿಹಿ ಖಚಿತ. ನ್ಯಾಕ್ ತಂಡ ಬಂದ ದಿನ ಊಟ ಬಹಳ ಚೆನ್ನಾಗಿರುತ್ತದೆ, ಆದರೆ ಅದು ಅತಿಥಿಗೃಹದ ಒಳಗೆ. ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣವೊಂದೇ ನಂಬಬಹುದಾದದ್ದು: ಬೆಳಿಗ್ಗೆ ಉಪ್ಪಿಟ್ಟು, ಕೇಸರಿಬಾತು, ಮಧ್ಯಾಹ್ನ ಪೂರ್ಣ ಊಟ. ಧಾರವಾಡದ ಕಡೆಯಾದರೆ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ. ಮೈಸೂರಿನ ಕಡೆಯಾದರೆ ಬಿಸಿಬೇಳೆಬಾತು, ಮೊಸರನ್ನ.

ಇದನ್ನು ಚಾಪಲ್ಯವೆಂದು ನಗುವುದು ಸುಲಭ. ನಗುವವರು ಒಂದು ಲೆಕ್ಕವನ್ನು ಗಮನಿಸಬೇಕು. ಯುಜಿಸಿಯ ಕಿರಿಯ ಸಂಶೋಧನಾ ವೇತನವು 2023ರಲ್ಲಿ ತಿಂಗಳಿಗೆ 31,000 ರೂಪಾಯಿಗಳಿಂದ 37,000 ರೂಪಾಯಿಗಳಿಗೆ ಏರಿತು. ಆ ಪರೀಕ್ಷೆಯಲ್ಲಿ ತೇರ್ಗಡೆಯಾಗದವರಿಗಾಗಿ ಇರುವ 8,000 ರೂಪಾಯಿಗಳ ಶಿಷ್ಯವೇತನ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೀಮಿತ. ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕನಿಗೆ ಬೇರೆ ಇಲಾಖೆಗಳ ಸಹಾಯಧನ ಬಂದರೆ ಬಂತು. ಬಂದರೂ ತಿಂಗಳಿಗೊಮ್ಮೆ ಬರಬೇಕೆಂದಿಲ್ಲ. ಹಾಸ್ಟೆಲಿನ ಮೆಸ್ ಬಿಲ್ಲು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಇನ್ನೊಂದು ಸಂಗತಿಯೂ ಇದೆ. ಕರ್ನಾಟಕದ ಅಕ್ಷರ ದಾಸೋಹ ಯೋಜನೆ ಆರಂಭವಾದದ್ದು 2002ರಲ್ಲಿ. ಈಗ ಮೂವತ್ತರ ಆಸುಪಾಸಿನಲ್ಲಿರುವ ಸಂಶೋಧಕರಲ್ಲಿ ಅನೇಕರು ಸರ್ಕಾರಿ ಶಾಲೆಯ ಆ ಬಿಸಿಯೂಟದ ಮೊದಲ ಪಂಕ್ತಿಗಳಲ್ಲಿ ಕುಳಿತವರು. ಅಕ್ಷರಕ್ಕೂ ಅನ್ನಕ್ಕೂ ಸಂಬಂಧವಿದೆಯೆಂದು ಪ್ರಭುತ್ವವೇ ಅವರಿಗೆ ಕಲಿಸಿತು. ಆ ಸಂಬಂಧ ಹತ್ತನೆಯ ತರಗತಿಗೆ ಮುಗಿಯುತ್ತದೆ. ಹಸಿವು ಮುಂದಿನ ತರಗತಿಗೂ ತೇರ್ಗಡೆಯಾಗುತ್ತದೆ.

ಈ ಸಂಬಂಧ ಹೊಸದೇನಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಸಾಲೋಟಗಿ ಶಾಸನವು ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಬಿಟ್ಟ ಮನೆಗಳನ್ನೂ, ಭೂಮಿಯನ್ನೂ ಹೇಳುತ್ತದೆ. ಊರಿನಲ್ಲಿ ಮದುವೆ ಮುಂಜಿಗಳಾದರೆ ಶಾಲೆಗೆ ಇಂತಿಷ್ಟು ಸಲ್ಲಬೇಕೆಂಬ ಕಟ್ಟಳೆಯೂ ಅಲ್ಲಿದೆ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಇನ್ನೂ ವಿಶಿಷ್ಟವಾದದ್ದು. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳನ್ನು ವ್ಯಾಖ್ಯಾನಿಸುವ ಸ್ಥಳವೆಂದು ಮಠವನ್ನು ಹೊಗಳುವ ಆ ಶಾಸನವೇ, ದೀನರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ನಾನಾ ಪಂಥಗಳ ಭಿಕ್ಷುಕರು ಎಲ್ಲರಿಗೂ ಅನ್ನವಿಕ್ಕುವ ಸ್ಥಳವೆಂದೂ, ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಳವೆಂದೂ ಹೇಳುತ್ತದೆ. ವ್ಯಾಕರಣವೂ ಅನ್ನವೂ ಒಂದೇ ಉಸಿರಿನಲ್ಲಿ ಬರುತ್ತವೆ. ಹಸಿದವನು ವಿದ್ವಾಂಸನೋ ಅಲ್ಲವೋ ಎಂದು ಆ ಪಟ್ಟಿ ವಿಚಾರಿಸುವುದಿಲ್ಲ.

ಹಾಗೆಂದು ಹಿಂದಿನದೆಲ್ಲ ಉದಾತ್ತವಾಗಿತ್ತೆಂದು ಭಾವಿಸಬೇಕಿಲ್ಲ. ಅಗ್ರಹಾರಗಳ ಅನ್ನ ಯಾರಿಗೆ ದೊರೆಯುತ್ತಿತ್ತು ಎಂಬುದು ಗೊತ್ತಿರುವ ವಿಚಾರ. ಇಪ್ಪತ್ತನೆಯ ಶತಮಾನದಲ್ಲಿ ಮೈಸೂರಿನಂತಹ ಊರುಗಳಲ್ಲಿ ಬಡ ವಿದ್ಯಾರ್ಥಿಗಳನ್ನು ಓದಿಸಿದ ವಾರಾನ್ನವೂ ಬಹುಮಟ್ಟಿಗೆ ಜಾತಿಯ ಒಳಗಿನ ಏರ್ಪಾಡು. ಎಸ್.ಎಲ್. ಭೈರಪ್ಪನವರ 'ಭಿತ್ತಿ' (1996) ಆ ಬದುಕಿನ ಕಷ್ಟವನ್ನೂ ಅವಮಾನವನ್ನೂ ದಾಖಲಿಸಿದೆ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ತುಮಕೂರಿನ ಸಿದ್ಧಗಂಗಾ ಮಠದ ದಾಸೋಹ, ಮುಂದೆ ಸರ್ಕಾರಿ ಹಾಸ್ಟೆಲುಗಳು ಈ ಪಂಕ್ತಿಯನ್ನು ಹಿಗ್ಗಿಸಿದವು. ಇವೆಲ್ಲವುಗಳಲ್ಲಿ ಸಾಮಾನ್ಯವಾದ ಅಂಶವೊಂದಿದೆ: ಅಲ್ಲಿ ಅನ್ನ ಸಲ್ಲುತ್ತಿದ್ದುದು ಕಲಿಯುವವನಿಗೆ. ವಿಚಾರ ಸಂಕಿರಣದಲ್ಲಿ ಅದು ಸಲ್ಲುವುದು ಕೇಳುಗನಿಗೆ, ಇನ್ನೂ ಖಚಿತವಾಗಿ ಹೇಳುವುದಾದರೆ, ಕುರ್ಚಿಯಲ್ಲಿ ಕುಳಿತವನಿಗೆ. ಸಭಾಂಗಣ ತುಂಬಿರಬೇಕು, ಛಾಯಾಚಿತ್ರದಲ್ಲಿ ಖಾಲಿ ಕುರ್ಚಿ ಕಾಣಬಾರದು. ಹಳ್ಳಿಯ ಮದುವೆಯ ಮುಯ್ಯಿಯಂತೆ ಇದೊಂದು ಕೊಡು-ಕೊಳ್ಳುವಿಕೆ. ಹತ್ತಕ್ಕೆಂದು ಹೇಳಿದ ಉದ್ಘಾಟನೆ ಹನ್ನೊಂದೂವರೆಗೆ ಆರಂಭವಾಗಿ, ಆಶಯ ಭಾಷಣ ಮುಗಿಯುವ ಹೊತ್ತಿಗೆ ಎರಡಾಗುತ್ತದೆ. ಊಟದ ನಂತರ ಗಣ್ಯರಿಗೆ ರೈಲಿನ ಹೊತ್ತು. ಆಗ ಆರಂಭವಾಗುವ ಸಮಾನಾಂತರ ಗೋಷ್ಠಿಯಲ್ಲಿ, ಮೊಸರನ್ನದ ಮಂಪರಿನಲ್ಲಿರುವ ಐದಾರು ಮಂದಿಯೆದುರು, ಸಂಶೋಧನಾ ವಿದ್ಯಾರ್ಥಿಗಳು ತಲಾ ಐದು ನಿಮಿಷ ಮಾತನಾಡುತ್ತಾರೆ.

ಬಳ್ಳಿಗಾವೆಯ ಶಾಸನವನ್ನು ಕುರಿತು ಆ ಸಂಶೋಧಕ ಪ್ರಬಂಧ ಓದಬೇಕಾಗಿದ್ದುದೂ ಅಂತಹ ಗೋಷ್ಠಿಯಲ್ಲಿಯೇ. ಪ್ರಬಂಧ ಸ್ವೀಕೃತವಾಗಿತ್ತು, ನೋಂದಣಿ ಶುಲ್ಕ ಕಟ್ಟಿರಲಿಲ್ಲ. ಊಟದ ಸಾಲಿನಲ್ಲಿ ನಿಂತಾಗ ಸಂಘಟನಾ ಸಮಿತಿಯ ಅಧ್ಯಾಪಕರೊಬ್ಬರು, "ಏನಪ್ಪಾ, ನಿನ್ನ ಕೂಪನ್ ಎಲ್ಲಿ?" ಎಂದು ಕೇಳಿದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಹಿಂದೆ ಮೂವತ್ತು ಜನರಿದ್ದರು. ಅವರಲ್ಲಿ ಆತ ಅತಿಥಿ ಉಪನ್ಯಾಸಕನಾಗಿ ಪಾಠ ಹೇಳಿದ್ದ ಇಬ್ಬರು ವಿದ್ಯಾರ್ಥಿಗಳೂ ಇದ್ದರು. "ತರುತ್ತೇನೆ ಸರ್" ಎಂದು ತಟ್ಟೆಯನ್ನು ಮೇಜಿನ ಮೇಲಿಟ್ಟು ಆತ ಸಾಲಿನಿಂದ ಹೊರಬಂದ. ಅರ್ಧ ಗಂಟೆಯ ಮೇಲೆ ವಿಭಾಗದ ಜವಾನರು ಆತನನ್ನು ಕಾರಿಡಾರಿನಲ್ಲಿ ಕಂಡು ಕರೆದರು: "ಬನ್ನಿ ಸಾರ್, ನಮ್ಮ ಜೊತೆ ಕೂತ್ಕೊಳಿ. ಉಳಿದಿದ್ದನ್ನ ಹೆಂಗೂ ಚೆಲ್ಲೋದೇ." ಅಧ್ಯಾಪಕರಿಗೆ 'ಏನಪ್ಪಾ', ಜವಾನರಿಗೆ 'ಸಾರ್': ಸಂಶೋಧನಾ ವಿದ್ಯಾರ್ಥಿಯ ಸ್ಥಾನ ಈ ಎರಡು ಸಂಬೋಧನೆಗಳ ನಡುವೆ ಎಲ್ಲೋ ಇದೆ.

ಆ ಕೊನೆಯ ಪಂಕ್ತಿ ಬೇರೆಯದೇ ಒಂದು ವಿಭಾಗ. ಅಡುಗೆಯವರು, ಬಡಿಸಿದವರು, ಕುರ್ಚಿ ಹೊತ್ತ ಎಂ.ಎ. ಹುಡುಗರು ಅಲ್ಲಿದ್ದರು. ಬೆಳಿಗ್ಗೆ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ಗುಲಾಬಿ ಹಂಚಿ, ಪ್ರಾರ್ಥನೆ ಹಾಡಿ, ವೇದಿಕೆಗೆ ಹಾರದ ತಟ್ಟೆ ಹಿಡಿದು ನಡೆದ ಸಂಶೋಧಕಿಯರೂ ಅಲ್ಲಿದ್ದರು. ಅವರ ಹೆಸರುಗಳೂ ಮಧ್ಯಾಹ್ನದ ಗೋಷ್ಠಿಯ ಪಟ್ಟಿಯಲ್ಲಿದ್ದವು. ಹೋಳಿಗೆ ಮುಗಿದಿತ್ತು. ವಿಭಾಗದ ಮುಖ್ಯಸ್ಥರ ಕೊಠಡಿಯಲ್ಲಿ ಗಣ್ಯರಿಗೆ ಹಾಸಿದ್ದ ಬಾಳೆಯೆಲೆಗಳನ್ನು ಆಗಷ್ಟೇ ಎತ್ತುತ್ತಿದ್ದರು. ಅಕ್ಕಿಯೂ ರಾಗಿಯೂ ತಮ್ಮಲ್ಲಿ ಯಾರು ಶ್ರೇಷ್ಠರೆಂದು ವಾದಿಸುವ ಕನಕದಾಸರ 'ರಾಮಧಾನ್ಯ ಚರಿತ್ರೆ'ಯನ್ನು ಪಾಠ ಹೇಳುವ ವಿಭಾಗಗಳಲ್ಲಿಯೂ ಎಲೆ ಮತ್ತು ತಟ್ಟೆಯ ಭೇದ ಉಳಿದುಕೊಂಡಿದೆ. 2024ರ ಡಿಸೆಂಬರಿನಲ್ಲಿ ಮಂಡ್ಯದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಹೊತ್ತಿನಲ್ಲಿ ಬಾಡೂಟಕ್ಕಾಗಿ ಹೋರಾಟ ನಡೆಯಿತು. ಮದ್ಯ, ತಂಬಾಕುಗಳ ಸಾಲಿನಲ್ಲಿ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಿದ್ದು ಅದಕ್ಕೆ ಕಾರಣ. ಸಾಹಿತ್ಯದ ಪಂಕ್ತಿಯಲ್ಲಿ ಯಾರ ಅನ್ನ ಬೇಯಬೇಕೆಂಬ ಆ ಪ್ರಶ್ನೆಯನ್ನು ಸಂಕಿರಣಗಳು ಇನ್ನೂ ಎತ್ತಿಕೊಂಡಂತಿಲ್ಲ.

ಆ ದಿನ ಆತ ಪ್ರಬಂಧ ಓದಿದ. ಅಧ್ಯಕ್ಷತೆ ವಹಿಸಿದ್ದವರು "ಚೆನ್ನಾಗಿದೆ, ಮುಂದುವರಿಸಿ" ಎಂದರು. ಶುಲ್ಕ ಕಟ್ಟದ್ದರಿಂದ ಪ್ರಮಾಣಪತ್ರ ದೊರೆಯಲಿಲ್ಲ.

ಪಿಎಚ್.ಡಿ. ಪದವಿಯ ಮೌಖಿಕ ಪರೀಕ್ಷೆಯ ದಿನ ಅಭ್ಯರ್ಥಿಯೇ ಊಟ ಹಾಕಿಸಬೇಕೆಂಬ ನಿಯಮ ಯಾವ ಅಧಿನಿಯಮದಲ್ಲಿಯೂ ಇಲ್ಲ. ಅದನ್ನು ಮುರಿದವರೂ ಕಡಿಮೆ. ಎರಡು ವರ್ಷಗಳ ನಂತರ ಆತನ ಸರದಿ ಬಂದಾಗ ಭಾವನಿಂದ ಸಾಲ ತಂದು ನಲವತ್ತು ಜನರಿಗೆ ಹೇಳಿದ. ಬಡಿಸಿ ಮುಗಿಸಿದಾಗ ಅಡುಗೆಯವರು ಐವತ್ಮೂರು ತಟ್ಟೆಗಳ ಲೆಕ್ಕ ಕೊಟ್ಟರು. ಹೆಚ್ಚಿಗೆ ಬಂದ ಹದಿಮೂರು ಮಂದಿ ಬೇರೆ ವಿಭಾಗಗಳ ಹುಡುಗರು ಮತ್ತು ಒಬ್ಬಿಬ್ಬರು ಹುಡುಗಿಯರು. ಮೌಖಿಕ ಪರೀಕ್ಷೆಯುದ್ದಕ್ಕೂ ಹಿಂದಿನ ಬೆಂಚಿನಲ್ಲಿ ಬಹಳ ಶ್ರದ್ಧೆಯಿಂದ ಕುಳಿತಿದ್ದವರು ಅವರೇ. ಸಸ್ಯಶಾಸ್ತ್ರದವನೊಬ್ಬ ಕೈ ತೊಳೆದು ಬಂದು, ಬಳ್ಳಿಗಾವೆಗೆ ಶಿಕಾರಿಪುರದಿಂದ ಬಸ್ಸಿದೆಯೇ ಎಂದು ಕೇಳಿದ. ಇದೆಯೆಂದು ಹೇಳಿ, ಆತ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಸಿದ.