ನಾವು ಮಾಡಿದ ಮೀನಿನ ಅಡಿಗೆ

ಅರುವತ್ತು ವರ್ಷಗಳ ಕಾಲ ಮೀನೆಂಬುದನ್ನು ನಾವು ಕಂಡುದು ಎರಡೇ ಕಡೆ: ದಶಾವತಾರದ ಕಥೆಯಲ್ಲಿ ಒಂದು, ಪಂಚಾಂಗದ ಹನ್ನೆರಡನೆಯ ರಾಶಿಯಲ್ಲಿ ಮತ್ತೊಂದು. ಅಂತಹ ನಾವು ಕಳೆದ ತಿಂಗಳು ಹಲಸೂರಿನಿಂದ ಶಿವಾಜಿನಗರಕ್ಕೆ ಹೋಗಿ, ರಸೆಲ್ ಮಾರ್ಕೆಟ್ಟಿನ ಬಳಿ ಮೀನಿನ ಅಂಗಡಿಯ ಮುಂದೆ ಚೀಲ ಹಿಡಿದು ನಿಂತೆವೆಂದರೆ ವಾಚಕರು ನಗಬಹುದು. ಕಾರಣವನ್ನು ಕೇಳಿ ನಗಲಿ.

ನಮ್ಮ ಸೊಸೆ ಮಂಗಳೂರಿನ ಕಡೆಯವಳು. ಮನೆಗೆ ಬಂದು ಆರು ವರ್ಷಗಳಾದುವು. ಒಂದು ದಿನವೂ ಆಕೆ ಮೀನಿನ ಮಾತೆತ್ತಲಿಲ್ಲ. ಆ ಮೌನವನ್ನು ನಾವು ತೃಪ್ತಿಯೆಂದೇ ಭಾವಿಸಿದ್ದೆವು. ಒಮ್ಮೆ ಮೊಮ್ಮಗನು, "ತಾತ, ಅಮ್ಮ ಮಂಗಳೂರಲ್ಲಿ ಮೀನು ತಿಂತಾಳೆ, ಇಲ್ಲಿ ಯಾಕೆ ತಿನ್ನಲ್ಲ? ಇದು ಅವಳ ಮನೆ ಅಲ್ವಾ?" ಎಂದು ಕೇಳಿದನು. ಬಾಳೆಲ್ಲ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನಮಗೆ ಇದಕ್ಕೆ ಉತ್ತರ ದೊರೆಯಲಿಲ್ಲ.

ಅಂದು ರಾತ್ರಿ 'ಮಾನಸೋಲ್ಲಾಸ'ವನ್ನು ತೆರೆದೆವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಆ ಸಂಸ್ಕೃತ ಗ್ರಂಥದಲ್ಲಿ ಮೀನಿನ ಅಡಿಗೆಯೂ ಉಂಟು. ಇಲ್ಲದಿರುವುದು ನಮ್ಮ ಸಾರಿನ ಟೊಮೇಟೊ, ಮೆಣಸಿನಕಾಯಿ! ಅವೆರಡೂ ಮೆಕ್ಸಿಕೋ ದೇಶದ ಕಡೆಯವು. ಹದಿನಾರನೆಯ ಶತಮಾನದಿಂದ ಈಚೆಗೆ ಹಡಗೇರಿ ನಮ್ಮ ನಾಡಿಗೆ ಬಂದುವು. ಸಂಸ್ಕೃತದ ಮರೀಚವು ಕರಿಮೆಣಸು ಮಾತ್ರ. ನಾವು ನಿತ್ಯ ಉಣ್ಣುವುದೇ ಪರದೇಶದ್ದು. ಪರಕೀಯವೆಂದು ದೂರವಿಟ್ಟುದು ನಮ್ಮ ನಾಡಿನದು.

ಮೆಕ್ಸಿಕೋದ ವೆರಾಕ್ರೂಸ್ ಎಂಬ ರೇವುಪಟ್ಟಣದ ಅಡಿಗೆಯೊಂದನ್ನು ಮಗನು ತಿಳಿಸಿದನು. ಆ ಮಣ್ಣಿನ ಟೊಮೇಟೊ, ಮೆಣಸಿನಕಾಯಿಗೆ ಸ್ಪೇನಿನವರು ತಂದ ಈರುಳ್ಳಿ, ಬೆಳ್ಳುಳ್ಳಿ, ಆಲಿವ್ ಕಾಯಿಗಳು ಕೂಡಿದ ಪಾಕವದು. ನಮ್ಮ ಮನೆಯವರು, "ಮಾಡೋದಾದ್ರೆ ನೀವೇ ಮಾಡಿ. ಬಾಣಲೆ ಮಾತ್ರ ಬೇರೆ ಇರಲಿ" ಎಂದರು. ಅಂಗಡಿಯವನು ನಮ್ಮ ಹಣೆಯನ್ನು ನೋಡಿ, "ಯಾರಿಗೆ ಸ್ವಾಮಿ?" ಎಂದನು. "ಮಗಳಿಗೆ" ಎಂದುಬಿಟ್ಟೆವು.

ಮುಳ್ಳು ತೆಗೆದ ಅರ್ಧ ಕಿಲೋ ಬಿಳಿಯ ಮೀನಿಗೆ ಉಪ್ಪು, ನಿಂಬೆರಸ ಸವರಿ ಹತ್ತು ನಿಮಿಷ ಇಡಬೇಕು. ಹೆಚ್ಚು ಹೊತ್ತಾದರೆ ಹುಳಿಗೆ ಗಟ್ಟಿಯಾಗುವುದು. ಎಣ್ಣೆಯಲ್ಲಿ ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಬಾಡಿಸಿ, ಹೆಚ್ಚಿದ ಐದು ಟೊಮೇಟೊ, ಸೀಳಿದ ಎರಡು ಹಸಿಮೆಣಸಿನಕಾಯಿ, ಕೆಲವು ಆಲಿವ್ ಕಾಯಿ ಹಾಕಿ, ನೀರು ಇಂಗಿ ಗೊಜ್ಜಾಗುವವರೆಗೆ ಬೇಯಿಸಬೇಕು. ಮೇಲೆ ಮೀನನ್ನು ಹರಡಿ, ಮುಚ್ಚಿ, ಸಣ್ಣ ಉರಿಯಲ್ಲಿ ಎಂಟು ನಿಮಿಷ ಬಿಡಬೇಕು. ತುಂಡುಗಳು ಅಚ್ಚಬಿಳುಪಾಗಿ, ಮುಟ್ಟಿದರೆ ಪದರಪದರವಾಗಿ ಬಿಟ್ಟುಕೊಂಡರೆ ಪಾಕವಾಯಿತು. ನಡುವೆ ಸೌಟಾಡಿಸಬಾರದು, ನಾವು ಆಡಿಸಿ ಎರಡು ತುಂಡು ಪುಡಿಮಾಡಿದೆವು. ವಾಸನೆಗೆ ಎರಡು ಸಲ ಹಿತ್ತಿಲಿಗೆ ಹೋಗಿ ಬಂದುದನ್ನೂ ಮರೆಮಾಚುವುದಿಲ್ಲ.

ರಾತ್ರಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತೆವು. ಮೀನು ಹಾಕುವುದಕ್ಕೆ ಮುಂಚೆ ತೆಗೆದಿರಿಸಿದ ಗೊಜ್ಜು ನಮಗೆ, ಅಕ್ಕಿರೊಟ್ಟಿ ಎಲ್ಲರಿಗೆ. ಸೊಸೆ ಮೊದಲ ತುತ್ತು ತಿಂದು ಬಹಳ ಹೊತ್ತು ತಲೆಯೆತ್ತಲಿಲ್ಲ. ಅನಂತರ ಮೆಲ್ಲಗೆ, "ಉಪ್ಪು ಸ್ವಲ್ಪ ಕಡಮೆಯಾಯಿತು, ಮಾವ" ಎಂದಳು.

ಆರು ವರ್ಷಗಳಲ್ಲಿ ಆಕೆ ಈ ಮನೆಯ ಅಡಿಗೆಯಲ್ಲಿ ತಪ್ಪು ತೋರಿಸಿದುದು ಅದೇ ಮೊದಲು. ನಮ್ಮ ಮನೆಯವರು ಏನೂ ಹೇಳದೆ ಎದ್ದು ಉಪ್ಪಿನ ಭರಣಿಯನ್ನು ತಂದು ಆಕೆಯ ಮುಂದಿಟ್ಟರು. ಬೇರೆ ಬಾಣಲೆ ಈಗ ಅಡಿಗೆಮನೆಯ ಗೋಡೆಯಲ್ಲೇ ತೂಗುತ್ತಿದೆ.