ದಿಲ್ಲಿಯ ಕಾರ್ತಿಕ, ಊರಿನ ಕಾರ್ತಿಕ

ದಿಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಹೊಟ್ಟೆಪಾಡಿಗೆ ನೋಯ್ಡಾದಲ್ಲಿ ಪ್ರೋಗ್ರಾಂ ಬರೆಯುತ್ತಾ ಬಂದವನು ನಾನು. "ನಿನ್ನ ಕೆಲಸ ಏನೋ?" ಅಂತ ಅಮ್ಮ ಕೇಳಿದಾಗಲೆಲ್ಲ ತಡವರಿಸುತ್ತಿದ್ದೆ. ಒಂದು ಸಲ ಮಾತ್ರ, "ಒಬ್ಬರು ಬರೆದ ತಾರೀಕನ್ನ ಇನ್ನೊಬ್ಬರಿಗೆ ಅರ್ಥ ಆಗೋ ಹಾಗೆ ಬದಲಾಯಿಸಿ ಕೊಡೋದು ಕಣಮ್ಮ" ಎಂದಿದ್ದೆ. ಆಗ ನಿಜಕ್ಕೂ ತಿಂಗಳುಗಟ್ಟಲೆ ಅದನ್ನೇ ಮಾಡುತ್ತಿದ್ದೆ. "ಅದಕ್ಕೂ ಸಂಬಳ ಕೊಡ್ತಾರೇನೋ?" ಎಂದು ನಕ್ಕಿದ್ದಳು. ಆ ಕೆಲಸದಲ್ಲಿ ನಾನೆಷ್ಟು ಗಟ್ಟಿಗ ಅನ್ನುವುದು 2006ರಲ್ಲಿ ಅಮ್ಮನ ಮುಂದೆಯೇ ಬಯಲಾಯಿತು.

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ. ಅಮೆರಿಕದ ಗಿರಾಕಿಗಳಿಂದ ಫೈಲುಗಳು ಬರುತ್ತಿದ್ದವು. ಅದರಲ್ಲಿ 03/04 ಅಂತ ಇದ್ದರೆ ಅವರಿಗದು ಮಾರ್ಚ್ ನಾಲ್ಕು, ನಮಗೆ ಏಪ್ರಿಲ್ ಮೂರು. 25/04 ಅಂತ ಬಂದರೆ ಚಿಂತೆಯಿಲ್ಲ. ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ, ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ, ನಾವು ಎಚ್ಚೆತ್ತುಕೊಳ್ಳುತ್ತೇವೆ. ಕಷ್ಟ ಇರುವುದು ಎರಡೂ ಸಂಖ್ಯೆ ಹನ್ನೆರಡರೊಳಗೆ ಇದ್ದಾಗ. ಲೆಕ್ಕ ಹಾಕಿ ನೋಡಿ: ವರ್ಷದಲ್ಲಿ ಅಂಥ ದಿನಗಳು 144. ಅದರಲ್ಲಿ 01/01, 02/02 ಥರದ ಹನ್ನೆರಡನ್ನು ಹೇಗೆ ಓದಿದರೂ ಒಂದೇ. ಉಳಿದ 132 ದಿನ ಕಂಪ್ಯೂಟರು ಒಂದು ಮಾತೂ ಆಡದೆ ತಪ್ಪು ತಾರೀಕು ಕೊಡುತ್ತದೆ. ಹೀಗೆ ಸದ್ದಿಲ್ಲದೆ ಆಗುವ ತಪ್ಪಿನ ಬಗ್ಗೆ ಹೊಸಬರಿಗೆ ಪಾಠ ಹೇಳುತ್ತಿದ್ದವನೇ ನಾನು!

ಇನ್ನು ಮನೆಯ ವಿಷಯ. ಅಪ್ಪ ತೀರಿಕೊಂಡದ್ದು 2004ರ ಡಿಸೆಂಬರ್ ಮೊದಲ ವಾರ, ಕಾರ್ತಿಕ ಬಹುಳ ಪಂಚಮಿ. ಮೊದಲನೇ ವರ್ಷದ ಶ್ರಾದ್ಧವನ್ನು ಹಾಸನದ ಹತ್ತಿರದ ನಮ್ಮೂರಿನಲ್ಲೇ, 2005ರ ನವೆಂಬರ್ ಕೊನೆಯ ಭಾಗದಲ್ಲಿ ಮಾಡಿದೆವು. ಮರುವರ್ಷ ರಜೆ ಸಿಗಲಿಲ್ಲ. "ಅಲ್ಲೇ ಮಾಡು, ಎಲ್ಲಿ ಮಾಡಿದರೂ ಸಲ್ಲುತ್ತೆ. ತಿಥಿ ಮಾತ್ರ ತಪ್ಪಿಸಬೇಡ" ಎಂದಳು ಅಮ್ಮ. ತಿಥಿ ತಾನೇ? ತಾರೀಕು ಬದಲಾಯಿಸುವುದೇ ನನ್ನ ಕಸುಬು! ಒಂದು ಹಿಂದಿ ಪಂಚಾಂಗ ಕೊಂಡು ತಂದೆ. ನಾಲ್ಕು ಭಾನುವಾರ ಕೂತು ಅದರ ವರ್ಷದ ಪಟ್ಟಿಯನ್ನೆಲ್ಲ ಟೈಪು ಮಾಡಿ, ಪರ್ಲ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಮಾಸ, ಪಕ್ಷ, ತಿಥಿ ಕೊಟ್ಟರೆ ಇಂಗ್ಲಿಷ್ ತಾರೀಕು ಬರುತ್ತದೆ.

ಪರೀಕ್ಷೆ ಮಾಡದೆ ಬಿಡುವವನಲ್ಲ ನಾನು. ಚೈತ್ರ ಶುದ್ಧ ಪಾಡ್ಯ ಕೊಟ್ಟೆ, ಮಾರ್ಚ್ 30 ಬಂತು. ಯುಗಾದಿ ಸರಿ. ಭಾದ್ರಪದ ಶುದ್ಧ ಚೌತಿ ಕೊಟ್ಟೆ, ಆಗಸ್ಟ್ 27. ಗಣೇಶನೂ ಸರಿ. ಆಶ್ವಯುಜ ಶುದ್ಧ ದಶಮಿಗೆ ಅಕ್ಟೋಬರ್ 2, ವಿಜಯದಶಮಿಯೂ ಸರಿ. ಆಮೇಲೆ ಅಪ್ಪನ ತಿಥಿ ಕೊಟ್ಟೆ. ಅಕ್ಟೋಬರ್ ಎರಡನೇ ವಾರದ ಒಂದು ದಿನ ಬಂತು.

ಅನುಮಾನ ಬರಲಿಲ್ಲವೇ ಅಂತ ಕೇಳಬಹುದು. ಬರಲಿಲ್ಲ. ಚಾಂದ್ರಮಾನದ ವರ್ಷ ಸುಮಾರು 354 ದಿನ. ಹಾಗಾಗಿ ಅಧಿಕಮಾಸ ಬರುವತನಕ ತಿಥಿಗಳು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷ ವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತವೆ. ಮೊದಲ ಸಲ ಡಿಸೆಂಬರ್, ಆಮೇಲೆ ನವೆಂಬರ್, ಈಗ ಅಕ್ಟೋಬರ್. ಸರಿಯಾಗಿಯೇ ಇದೆ ಅನ್ನಿಸಿತು.

ಹಿಂದಿನ ದಿನ ಕರವಾ ಚೌಥ್. ನಮ್ಮ ಸೆಕ್ಟರಿನ ಮಾರ್ಕೆಟ್ಟಿನಲ್ಲಿ ಹೆಂಗಸರು ಸಾಲಾಗಿ ಕೂತು ಕೈಗೆ ಮೆಹಂದಿ ಹಾಕಿಸಿಕೊಳ್ಳುತ್ತಿದ್ದರು. ಆ ಜನದ ನಡುವೆ ನಾನು ದರ್ಭೆ, ಕರಿ ಎಳ್ಳು ಹುಡುಕಿಕೊಂಡು ತಿರುಗಿದೆ. ಮಾರನೇ ದಿನ ಪಂಡಿತ್‌ಜಿ ಬಂದರು. ಶ್ರಾದ್ಧ ಸಾಂಗವಾಗಿ ಮುಗಿಯಿತು. ಸಂಜೆ ಊರಿಗೆ ಫೋನ್ ಮಾಡಿದೆ.

"ಅಮ್ಮಾ, ಅಪ್ಪನ ಕಾರ್ಯ ಚೆನ್ನಾಗಿ ಆಯ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಏನೋ, ಇನ್ನೂ ದೀಪಾವಳಿನೇ ಬಂದಿಲ್ಲ, ಕಾರ್ತಿಕ ಎಲ್ಲಿಂದ ಬಂತೋ?"

ನನ್ನ ಕೈಕಾಲು ತಣ್ಣಗಾಯಿತು. ಬಲಿಪಾಡ್ಯಮಿಯಿಂದ ಕಾರ್ತಿಕ ಶುರು ಅನ್ನುವುದು ನಮ್ಮೂರಿನ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆ ವರ್ಷದ ದೀಪಾವಳಿ ಅಕ್ಟೋಬರ್ 21ಕ್ಕೆ. ಅದಕ್ಕೆ ಮೊದಲೇ ನಾನು ಕಾರ್ತಿಕ ಬಹುಳ ಮುಟ್ಟಿಬಿಟ್ಟಿದ್ದೆ!

ಮಾರನೇ ದಿನ ಪಂಡಿತ್‌ಜಿ ಬಳಿ ಓಡಿದೆ. ಅವರು ಶಾಂತವಾಗಿ ಕೇಳಿದರು: "ಆಪ್ ಕೆ ಯಹಾಂ ಮಹೀನಾ ಅಮಾವಸ್ ಪರ್ ಖತಮ್ ಹೋತಾ ಹೈ ಕ್ಯಾ?" ನಿಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆಯೇ ಅಂತ. ಹೌದು ಎಂದೆ. ಅವರಲ್ಲಿ ತಿಂಗಳು ಮುಗಿಯುವುದು ಹುಣ್ಣಿಮೆಗೆ. ನಮ್ಮದು ಅಮಾಂತ, ಅವರದು ಪೂರ್ಣಿಮಾಂತ. ಹುಣ್ಣಿಮೆಯ ಮಾರನೇ ದಿನ ಅವರಿಗೆ ಹೊಸ ತಿಂಗಳು, ನಮಗೆ ಅದೇ ತಿಂಗಳ ಬಹುಳ. ಹೀಗಾಗಿ ನಮ್ಮ ಕಾರ್ತಿಕ ಬಹುಳ ಪಂಚಮಿ ಅವರಿಗೆ ಮಾರ್ಗಶೀರ್ಷದ್ದು, ಅವರ ಆಡುಮಾತಿನಲ್ಲಿ ಅಗಹನ್. ಅವರ ಕಾರ್ತಿಕದ ಕೃಷ್ಣ ಪಂಚಮಿ ನಮ್ಮ ಆಶ್ವಯುಜದಲ್ಲಿ, ಅಂದರೆ ಕರವಾ ಚೌಥ್‌ನ ಮಾರನೇ ದಿನ. "ನೀವು ಹೇಳಿದ ತಿಥಿಗೆ ನಾನು ಮಾಡಿಸಿದೆ. ನಿಮ್ಮ ಕಡೆಯ ಲೆಕ್ಕ ಯಾವುದು ಅಂತ ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ" ಎಂದರು.

ಶುಕ್ಲಪಕ್ಷದಲ್ಲಿ ಮಾತ್ರ ಎರಡೂ ಕಡೆ ತಿಂಗಳ ಹೆಸರು ಒಂದೇ. ಯುಗಾದಿ, ಚೌತಿ, ದಶಮಿ ಅಂತ ನಾನು ಪರೀಕ್ಷೆಗೆ ಇಟ್ಟಿದ್ದೆಲ್ಲ ಶುಕ್ಲಪಕ್ಷದ ಹಬ್ಬಗಳೇ! ಒಂದೇ ಒಂದು ಸಲ ಶಿವರಾತ್ರಿ ಕೊಟ್ಟು ನೋಡಿದ್ದರೆ ಸಾಕಿತ್ತು. ನಮಗದು ಮಾಘ ಬಹುಳ ಚತುರ್ದಶಿ, ಇಲ್ಲಿ ಫಾಲ್ಗುಣದ್ದು. ಇಲ್ಲವೇ ಕೃಷ್ಣಾಷ್ಟಮಿ, ನಮಗೆ ಶ್ರಾವಣ, ಇಲ್ಲಿ ಭಾದ್ರಪದ. ಆಫೀಸಿನ 03/04ರ ಕಥೆಯೇ ಇದು. ತಪ್ಪಾದರೂ ಒಂದು ಒಳ್ಳೆಯ ತಾರೀಕೇ ಬರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಕಂಪ್ಯೂಟರಿನವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಯುನಿಕ್ಸ್ ಒಳಗೊಳಗೆ ಇಟ್ಟುಕೊಳ್ಳುವುದು ಬರೀ ಸೆಕೆಂಡುಗಳ ಲೆಕ್ಕ, 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ. ಆಗ ನಮಗೆ ಬೆಳಗಿನ ಐದೂವರೆ. ಹೊರಗೆ ತೋರಿಸುವಾಗಷ್ಟೇ ಅವರವರ ಊರಿನ ವೇಷ. ಚಂದ್ರನದೂ ಹಾಗೆಯೇ ಅಲ್ಲವೇ? ಹುಣ್ಣಿಮೆಯ ಗಳಿಗೆ ಹಾಸನಕ್ಕೂ ನೋಯ್ಡಾಕ್ಕೂ ಒಂದೇ, ಹೆಸರು ಬೇರೆ. ವೇಷ ಕಳಚಿ ಚಂದ್ರನನ್ನು ನೋಡಬೇಕಿತ್ತು, ನಾನು ಹೆಸರು ನೋಡಿದೆ.

ಆಮೇಲೆ ಹುಡುಕುತ್ತಾ ಹೋದರೆ ದಿಲ್ಲಿಯಲ್ಲಿ ಮೂರನೇ ಕಾರ್ತಿಕವೂ ಸಿಕ್ಕಿತು, ಸರ್ಕಾರದ್ದು! ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳಿದ್ದವು. ಇವನ್ನು ಒಂದು ದಾರಿಗೆ ತರಲು 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ ಜಾರಿಗೆ ಬಂತು. ಗೆಜೆಟ್ಟಿನ ಮೇಲೆ ಇಂಗ್ಲಿಷ್ ತಾರೀಕಿನ ಜೊತೆ ಅದೂ ಇರುತ್ತದೆ. ಅದು ಸೂರ್ಯನ ಲೆಕ್ಕ, ಚಂದ್ರನ ಗೊಡವೆ ಇಲ್ಲ. ಅದರ ಕಾರ್ತಿಕ ಪ್ರತಿ ವರ್ಷ ಅಕ್ಟೋಬರ್ 23ಕ್ಕೇ ಶುರು. ಒಂದೇ ಹೆಸರು, ಮೂರು ಬಾಗಿಲು.

ಅಮ್ಮನಿಗೆ ಮತ್ತೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಹೋಗಲಿ ಬಿಡು, ನಿಮ್ಮಪ್ಪಂಗೆ ಮೊದಲಿಂದಲೂ ರೈಲಿಗೆ ಎರಡು ಗಂಟೆ ಮುಂಚೆ ಹೋಗಿ ಕೂರೋ ಅಭ್ಯಾಸ. ತಿಂಗಳು ಮುಂಚೆ ಬಂದು ಊಟ ಮಾಡ್ಕೊಂಡು ಹೋದರು ಅಂತ ತಿಳ್ಕೊ. ಸರಿಯಾದ ದಿನ ಇನ್ನೊಂದು ಸಲ ಮಾಡು" ಎಂದಳು. ಆಮೇಲೆ ಗೋಡೆಯ ಮೊಳೆಯಲ್ಲಿದ್ದ ಒಂಟಿಕೊಪ್ಪಲ್ ಪಂಚಾಂಗ ತೆಗೆದು, ಕನ್ನಡಕ ಹುಡುಕಿ ಹಾಕಿಕೊಂಡು, ನವೆಂಬರ್‌ನ ತಾರೀಕನ್ನು ನಿಧಾನವಾಗಿ ಎರಡು ಸಲ ಓದಿ ಹೇಳಿದಳು. ನನ್ನ ನಾಲ್ಕು ಭಾನುವಾರದ ಕೆಲಸ ಅಮ್ಮನಿಗೆ ಎರಡು ನಿಮಿಷದ್ದು.

ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: ಬಹುಳವಾದರೆ ತಿಂಗಳು ಒಂದು ಮುಂದೆ. ಮರುವರ್ಷವೇ, 2007ರಲ್ಲಿ, ಅಧಿಕ ಜ್ಯೇಷ್ಠ ಬಂದು ಅದನ್ನೂ ಕೆಡಿಸಿತು. ಇಲ್ಲಿನವರು ಅಧಿಕಮಾಸವನ್ನು ನಿಜಮಾಸದ ಎರಡು ಪಕ್ಷಗಳ ನಡುವೆ ಸಿಕ್ಕಿಸುತ್ತಾರೆ! ಅಲ್ಲಿಗೆ ಪ್ರೋಗ್ರಾಂ ಪಕ್ಕಕ್ಕಿಟ್ಟು ಊರಿಂದಲೇ ಪಂಚಾಂಗ ತರಿಸತೊಡಗಿದೆ.

ಮೂರು ವರ್ಷದ ಹಿಂದೆ ಅಮ್ಮನೂ ಹೋದಳು. ಮಗಳು ಈಗ ಟೊರಾಂಟೊದಲ್ಲಿದ್ದಾಳೆ. ನನ್ನ ನಂತರ ನೆನಪಿಟ್ಟುಕೊಳ್ಳುವವಳು ಅವಳೇ ಅಂತ, ಇಬ್ಬರ ತಿಥಿಯನ್ನೂ ಬರೆದು ಕಳಿಸಿದೆ. ಪ್ರತಿಯೊಂದರ ಕೆಳಗೂ "ಅಮಾಂತ, ನಮ್ಮೂರಿನ ಲೆಕ್ಕ" ಅಂತ ಸೇರಿಸಿದೆ. ಶ್ರಾದ್ಧಕ್ಕೆ ಅಪರಾಹ್ನದಲ್ಲಿ ಯಾವ ತಿಥಿ ಇದೆ ಅಂತ ನೋಡುವುದರಿಂದ, ಟೊರಾಂಟೊದ ಅಪರಾಹ್ನವನ್ನೇ ನೋಡಬೇಕು, ಒಂದು ದಿನ ಆಚೀಚೆ ಆಗಬಹುದು ಅಂತಲೂ ಬರೆದೆ. "ಅಪ್ಪಾ, ತಿಥಿಗೂ ಟೈಮ್ ಜೋನ್ ಹಾಕ್ತೀಯಲ್ಲ!" ಅಂತ ನಗುತ್ತಾಳೆ.

ಅಮ್ಮನ ತಿಥಿಗೆ ಅಮಾಂತ ಅಂತ ಬರೆಯುವ ಅಗತ್ಯವೇನೂ ಇರಲಿಲ್ಲ. ಅವಳು ಹೋದದ್ದು ಮಾಘ ಶುದ್ಧ ಷಷ್ಠಿ. ಅದು ಊರಿನಲ್ಲೂ ಮಾಘವೇ, ದಿಲ್ಲಿಯಲ್ಲೂ ಮಾಘವೇ. ಈ ಪೆದ್ದನಿಗೆ ಇನ್ನೊಂದು ಸಲ ಗೊಂದಲ ಆಗಬಾರದು ಅಂತ ಶುಕ್ಲಪಕ್ಷ ನೋಡಿಕೊಂಡೇ ಹೊರಟಳೋ ಏನೋ.